ದುಬೈಯೋ ಜಿದ್ದಾವೋ: ಮಕ್ಕಳನ್ನು ಕರೆದೊಯ್ಯುವ ಮುನ್ನ

(ಗಾಜನೂರಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಅರ್ಜಿ ಪರಿಶೀಲನೆಗೆ ನೆರವಾಗುವ ನಿವೃತ್ತ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಪ್ರತಿವರ್ಷ ಅರ್ಜಿಗಳನ್ನು ಪರಿಶೀಲಿಸಲು ಕುಳಿತಾಗ ‘ತಂದೆಯ ಉದ್ಯೋಗ’ ಎಂಬ ಕಾಲಮ್ಮಿನಲ್ಲಿ ಸೌದಿ, ದುಬೈ ಎಂಬ ಹೆಸರುಗಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಶಿವಮೊಗ್ಗದಿಂದ ಹೋದವರಿದ್ದಾರೆ, ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೆ ಹೋದವರಿದ್ದಾರೆ, ನಮ್ಮ ಗಾಜನೂರಿನ ಆಸುಪಾಸಿನ ಹಳ್ಳಿಗಳವರೂ ಇದ್ದಾರೆ. ಅವರು ರಜೆಗೆ ಊರಿಗೆ ಬಂದಾಗ ನಮ್ಮನ್ನು ಕೇಳುವ ಪ್ರಶ್ನೆ ಒಂದೇ. “ಸಾರ್, ಮಕ್ಕಳನ್ನು ಅಲ್ಲಿಗೇ ಕರ್ಕೊಂಡು ಹೋಗ್ಲಾ? ದುಬೈ ಶಾಲೆ ಒಳ್ಳೇದಾ, ಜಿದ್ದಾ ಶಾಲೆ ಒಳ್ಳೇದಾ?”

ಈ ಪ್ರಶ್ನೆಗೆ ನಾವು ಒಮ್ಮೆ ಯೋಚಿಸದೆ ಉತ್ತರ ಕೊಟ್ಟಿದ್ದೆವು. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ.

2016ರ ಬೇಸಿಗೆ. ಜಿದ್ದಾದಲ್ಲಿ ಕೆಲಸದಲ್ಲಿದ್ದ ಒಬ್ಬ ತಂದೆ ನಮ್ಮ ಬಳಿ ಬಂದರು. ಮೂವರು ಮಕ್ಕಳು. ದೊಡ್ಡ ಹುಡುಗ ಹಳ್ಳಿಯ ಶಾಲೆಯಲ್ಲಿ 4ನೇ ತರಗತಿ ಮುಗಿಸಿದ್ದ. “ಮಕ್ಕಳು ತಂದೆಯ ಜೊತೆ ಇರಲಿ, ಕರೆದುಕೊಂಡು ಹೋಗಿ” ಎಂದೆವು. ಸಂಬಳ ಎಷ್ಟು, ಎಷ್ಟು ವರ್ಷ ಅಲ್ಲಿರುತ್ತೀರಿ, ಯಾವ ತರಗತಿಗೆ ವಾಪಸು ಬರುತ್ತೀರಿ ಎಂದು ಕೇಳಲಿಲ್ಲ. 2017ರ ಜುಲೈಯಲ್ಲಿ ಸೌದಿ ಸರ್ಕಾರ ಪರದೇಶಿಗಳ ಅವಲಂಬಿತರ ಮೇಲೆ ಲೆವಿ ಹಾಕಿತು. ತಲೆಗೆ ತಿಂಗಳಿಗೆ 100 ರಿಯಾಲ್. ಅದು 2018ರಲ್ಲಿ 200, 2019ರಲ್ಲಿ 300, 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳೆಂದರೆ ನಾಲ್ಕು ತಲೆ. 300ರ ಲೆಕ್ಕದಲ್ಲೇ ತಿಂಗಳಿಗೆ 1,200 ರಿಯಾಲ್. ಆ ತಂದೆಗೆ ತಾಳಲಾಗಲಿಲ್ಲ. 2019ರಲ್ಲಿ ಸಂಸಾರ ಊರಿಗೆ ಬಂತು. ಆಗ ಹೀಗೆ ಮರಳಿದ ಮನೆ ಅದೊಂದೇ ಅಲ್ಲ.

ಹುಡುಗ 8ನೇ ತರಗತಿಗೆ ಸೇರಿದ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೆ ಕನ್ನಡದಲ್ಲಿ ಒತ್ತಕ್ಷರ ಮರೆತಿದ್ದ. ತರಗತಿಯಲ್ಲಿ ಗಟ್ಟಿಯಾಗಿ ಓದು ಎಂದರೆ ತಲೆ ತಗ್ಗಿಸುತ್ತಿದ್ದ. ಅದನ್ನು ಸಂಜೆಯ ಪಾಠದಲ್ಲಿ ಸರಿಮಾಡಿದೆವು. ಸರಿಮಾಡಲಾಗದ್ದು 2024ರಲ್ಲಿ ಸಿಇಟಿ ಅರ್ಜಿ ತುಂಬುವಾಗ ಎದುರಾಯಿತು. ಗ್ರಾಮೀಣ ಮೀಸಲಾತಿಯ ಸಾಲಿಗೆ ಬಂದಾಗ, 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಕರ್ನಾಟಕದ ಗ್ರಾಮಾಂತರ ಶಾಲೆಯಲ್ಲಿ ಓದಿರಬೇಕು ಎಂದಿತ್ತು. ಅವನದು ಏಳು ವರ್ಷ. “ಸಾರ್, ಮೂರು ವರ್ಷ ತಾನೇ ಇಲ್ಲಿರಲಿಲ್ಲ?” ಎಂದು ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ. ಶೇ. 15ರಷ್ಟು ಸೀಟುಗಳ ಬಾಗಿಲು ಆ ಮೂರು ವರ್ಷದಿಂದಾಗಿ ಅವನ ಪಾಲಿಗೆ ಮುಚ್ಚಿತ್ತು.

ಆದ್ದರಿಂದ ಈಗ ಯಾರಾದರೂ ಬಂದು ಕೇಳಿದರೆ ನಾವು ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿಸುತ್ತೇವೆ.

ಮೊದಲು ಶಾಲೆ. ದುಬೈನಲ್ಲಿ ಪರದೇಶಿಗಳ ಮಕ್ಕಳು ಓದುವುದು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿ. ಭಾರತೀಯ, ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮಗಳೆಲ್ಲ ಅಲ್ಲಿವೆ. ಇವುಗಳ ಮೇಲೆ 2006ರಲ್ಲಿ ಸ್ಥಾಪನೆಯಾದ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರವಿದೆ. ಅದು 2008ರಿಂದ ಶಾಲೆಗಳ ತಪಾಸಣೆ ನಡೆಸಿ, ‘ಅತ್ಯುತ್ತಮ’ದಿಂದ ‘ದುರ್ಬಲ’ದವರೆಗೆ ದರ್ಜೆ ಕೊಟ್ಟು ವರದಿಗಳನ್ನು ಪ್ರಕಟಿಸಿದೆ. ಪ್ರತಿ ಶಾಲೆಯ ತರಗತಿವಾರು ಶುಲ್ಕದ ಪಟ್ಟಿಯೂ ಅಲ್ಲೇ ಸಿಗುತ್ತದೆ. ಜಾಹೀರಾತು ನಂಬಬೇಡಿ, ಆ ವರದಿ ಓದಿ.

ಜಿದ್ದಾದಲ್ಲಿ ನಮ್ಮವರಿಗೆ ಮೊದಲು ನೆನಪಾಗುವುದು 1969ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಇಂಡಿಯನ್ ಸ್ಕೂಲ್. ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ ನಡೆಯುವ ಶಾಲೆ. ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಿಭಾಗಗಳಿವೆ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಎಂದಿದ್ದರೂ ಪಠ್ಯಕ್ರಮ ನಮ್ಮ ಸಿಬಿಎಸ್‌ಇ. ಇದು ಕೊರತೆಯಲ್ಲ, ಅನುಕೂಲ. ಊರಿಗೆ ಮರಳುವ ಮಗುವಿಗೆ ಅದೇ ಪುಸ್ತಕ ಇಲ್ಲಿಯೂ ಸಿಗುತ್ತದೆ. ಬ್ರಿಟಿಷ್ ಪಠ್ಯಕ್ರಮದಲ್ಲಿ ಓದಿದ ಮಗು ಅರ್ಧದಲ್ಲಿ ಬಂದರೆ ಹೊಂದಿಕೊಳ್ಳುವುದು ಹೆಚ್ಚು ಕಷ್ಟ.

ಎರಡನೆಯದು ಖರ್ಚು. ದುಬೈನಲ್ಲಿ ಹೊರೆ ಬೀಳುವುದು ಶಾಲಾ ಶುಲ್ಕ ಮತ್ತು ಮನೆ ಬಾಡಿಗೆಯ ಮೇಲೆ. ತರಗತಿ ಏರಿದಂತೆ ಶುಲ್ಕವೂ ಏರುತ್ತದೆ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ವೀಸಾ ಸಿಗುವ ಸಂಬಳ ಬೇರೆ, ಮಕ್ಕಳನ್ನು ಓದಿಸುವ ಸಂಬಳ ಬೇರೆ. ಇದನ್ನು ಮರೆತು ಹೋದವರು ಎರಡನೇ ವರ್ಷಕ್ಕೇ ಸಾಲ ಮಾಡುತ್ತಾರೆ. ಜಿದ್ದಾದ ಭಾರತೀಯ ಶಾಲೆಯಲ್ಲಿ ಶುಲ್ಕ ಹಗುರ. ಆದರೆ ಅಲ್ಲಿ ಲೆವಿ ಇದೆ. 400ರ ದರದಲ್ಲಿ ನಾಲ್ಕು ತಲೆಗೆ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಅದನ್ನು ಕಟ್ಟದೆ ಇಕಾಮಾ ನವೀಕರಣವಾಗುವುದಿಲ್ಲ. ಒಂದೂರಿನಲ್ಲಿ ಶಾಲೆ ಕೇಳುವ ಹಣವನ್ನು ಇನ್ನೊಂದೂರಿನಲ್ಲಿ ಸರ್ಕಾರ ಕೇಳುತ್ತದೆ.

ಮೂರನೆಯದು ಭಾಷೆ. ಎರಡೂ ಊರುಗಳಲ್ಲಿ ಮಗು ಇಂಗ್ಲಿಷ್, ಹಿಂದಿ, ಅರಬಿ ಕಲಿತೀತು. ದುಬೈನ ಖಾಸಗಿ ಶಾಲೆಗಳಲ್ಲಿ ಅರಬಿ ಕಡ್ಡಾಯ ವಿಷಯ, ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಅಧ್ಯಯನವೂ ಉಂಟು. ಕನ್ನಡ ಮಾತ್ರ ಮನೆಯವರ ಜವಾಬ್ದಾರಿ. ದುಬೈನಲ್ಲಿ ಕನ್ನಡ ಮಿತ್ರರು ಬಳಗದವರು ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಾರೆ. ಅಲ್ಲಿರುವವರು ಅದನ್ನು ಬಳಸಿಕೊಳ್ಳಲಿ. ಬೇರೆ ಊರಿನಲ್ಲಿರುವ ತಾಯಂದಿರಿಗೆ ನಮ್ಮ ಮಾತು ಇಷ್ಟೇ. ದಿನಕ್ಕೆ ಒಂದು ಪುಟ ಕನ್ನಡ ಬರೆಸಿ. ಮರಳಿ ಬಂದ ದಿನ ಆ ಒಂದು ಪುಟದ ಬೆಲೆ ತಿಳಿಯುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು: ಮರಳುವ ದಾರಿ. ವೈದ್ಯಕೀಯಕ್ಕೆ ಬೇಕಾದ ನೀಟ್ ಪರೀಕ್ಷೆಗೆ 2021ರಲ್ಲಿ ದುಬೈ ಮತ್ತು ಕುವೈತ್‌ನಲ್ಲಿ ಕೇಂದ್ರ ಕೊಟ್ಟರು. 2022ರಲ್ಲಿ ಪರದೇಶದ 14 ನಗರಗಳಲ್ಲಿ. ಸೌದಿಯ ಕೇಂದ್ರ ರಿಯಾದ್‌ನಲ್ಲಿತ್ತು, ಜಿದ್ದಾದಲ್ಲಲ್ಲ. ಪರೀಕ್ಷೆ ಅಲ್ಲೇ ಬರೆದರೂ ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆ ಬೇರೆಯೇ ಇದೆ. ಸಾಮಾನ್ಯ ನಿಯಮದಂತೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಪಿಯುಸಿಯ ಎರಡು ವರ್ಷ ಇಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ 7 ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅದೂ ಒಂದು ದಾರಿ. ಗ್ರಾಮೀಣ ಮೀಸಲಾತಿಗೂ ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ರವರೆಗೆ ಹತ್ತೂ ವರ್ಷ ಬೇಕು. ಎನ್‌ಆರ್‌ಐ ಕೋಟಾದ ಶುಲ್ಕ ನಮ್ಮಂಥ ಮನೆಗಳಿಗೆ ಎಟುಕುವುದಲ್ಲ.

ಇನ್ನು ನಮ್ಮ ಕಾಲಬುಡದಲ್ಲೇ ಇರುವ ಶಾಲೆಯ ಮಾತು. ಗಾಜನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಅಲ್ಲಿಯೂ ಸಿಬಿಎಸ್‌ಇ. ಊಟ, ವಸತಿ, ಪುಸ್ತಕ ಉಚಿತ. 6ನೇ ತರಗತಿಗೆ ಪ್ರವೇಶ ಪರೀಕ್ಷೆ, ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮಾಂತರದ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಷರತ್ತು ಏನೆಂದರೆ 5ನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಗ್ರಾಮಾಂತರ ಸೀಟಿಗಾದರೆ 3, 4, 5 ಮೂರನ್ನೂ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ವಯಸ್ಸಿನಲ್ಲೇ ನಾವು ಮಕ್ಕಳನ್ನು ವಿಮಾನ ಹತ್ತಿಸುತ್ತೇವೆ.

ಹಾಗಾದರೆ ಕರೆದೊಯ್ಯಲೇಬಾರದೇ? ಹಾಗೆ ಹೇಳುವ ಹಕ್ಕು ನಮಗಿಲ್ಲ. ತಂದೆಯ ಮುಖವನ್ನು ಫೋನಿನಲ್ಲೇ ನೋಡಿ ಬೆಳೆದ ಮಕ್ಕಳಿಗೂ ನಾವು ಪಾಠ ಹೇಳಿದ್ದೇವೆ. ಆ ಕೊರತೆಯನ್ನು ಯಾವ ಮೀಸಲಾತಿಯೂ ತುಂಬುವುದಿಲ್ಲ. ಅದಕ್ಕೇ ನಮ್ಮ ಸಲಹೆ ಹೀಗಿದೆ. ಕಂಪನಿಯೇ ಮಕ್ಕಳ ಶಾಲಾ ಶುಲ್ಕ ಕೊಡುವುದಾದರೆ ದುಬೈ ಆಗಬಹುದು. ಕಂಪನಿಯೇ ಲೆವಿ ಕಟ್ಟುವುದಾದರೆ ಜಿದ್ದಾ ಆಗಬಹುದು. ಎರಡೂ ಇಲ್ಲದಿದ್ದರೆ ಓದು ಊರಿನಲ್ಲಿ, ರಜೆ ತಂದೆಯ ಬಳಿ. ಕರೆದೊಯ್ಯುವವರು ಶಾಲೆ ಹುಡುಕುವ ಮೊದಲು ‘ಯಾವ ತರಗತಿಗೆ ಮರಳುತ್ತೇವೆ’ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಊರು ಯಾವುದೆಂದು ಆ ಚೀಟಿಯೇ ಹೇಳುತ್ತದೆ. ಏನೇ ಮಾಡಿದರೂ 8ನೇ ತರಗತಿಯ ನಂತರ, ಎಸ್‌ಎಸ್‌ಎಲ್‌ಸಿಗೆ ಮೊದಲು ಮಗುವನ್ನು ಎಬ್ಬಿಸಿ ಸಾಗಿಸಬೇಡಿ.

ಮರಳುವವರಿಗೆ ಎರಡು ಕಿವಿಮಾತು. ವರ್ಗಾವಣೆ ಪತ್ರವನ್ನು ಅಲ್ಲಿಂದ ಹೊರಡುವ ಮೊದಲೇ ಪಡೆದು ದೃಢೀಕರಣ ಮಾಡಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ತರಿಸುವುದು ತಿಂಗಳುಗಟ್ಟಲೆ ಕೆಲಸ. ಊರಿನಲ್ಲಿ ಓದಿದ ಪ್ರತಿ ತರಗತಿಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿ ಒಂದೇ ಕಡತದಲ್ಲಿಡಿ. ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಗೂ ಅದೇ ಕಾಗದ ಬೇಕು. ಅರ್ಜಿ ತುಂಬಲು ಬಾರದವರು ಸಂಕೋಚವಿಲ್ಲದೆ ಬನ್ನಿ, ಕುಳಿತು ತುಂಬಿಕೊಡುತ್ತೇವೆ.

ನಾವು ಹೇಳಿದ ಆ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೇಕೆಂದ ಕಾಲೇಜು ಸಿಗಲಿಲ್ಲ, ಸಿಕ್ಕಿದ್ದಕ್ಕೆ ಸೇರಿದ. ಶುಲ್ಕದ ಒಂದು ಪಾಲನ್ನು ನೀವು ಕೊಟ್ಟ ದೇಣಿಗೆ ಹೊತ್ತಿದೆ. ಕಳೆದ ರಜೆಯಲ್ಲಿ ಬಂದಾಗ ತಂಗಿಯ ಅರ್ಜಿಯನ್ನು ಅವನೇ ಕನ್ನಡದಲ್ಲಿ ತುಂಬಿ ತಂದಿದ್ದ. ಒತ್ತಕ್ಷರ ಒಂದೂ ತಪ್ಪಿರಲಿಲ್ಲ.