ಮೊದಲ ದಿನದ ಕಣ್ಣು



ಪರಿಚಯವಿಲ್ಲದ ನಾಡಿಗೆ ಒಂಟಿಯಾಗಿ ಬಂದವನ ಮೊದಲ ದಿನಕ್ಕೆ ಒಂದು ವಿಶೇಷ ಗುಣವಿದೆ. ಅಂದು ಅವನ ಕಣ್ಣಿಗೆ ಯಾವುದೂ ಹಳತಲ್ಲ. ಅಂಥ ಒಂದು ದಿನದ ಪ್ರಸಂಗವಿದು.

1831ರ ಡಿಸೆಂಬರ್ 27ರಂದು ಇಂಗ್ಲೆಂಡಿನಿಂದ ಹೊರಟ ಬೀಗಲ್ ಹಡಗು 1832ರ ಫೆಬ್ರವರಿ 28ರಂದು ಬ್ರೆಜಿಲ್ ದೇಶದ ಬಹಿಯಾ ಬಂದರನ್ನು ಸೇರಿತು. ಅದರಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಆಗ 23ರ ಹರೆಯ. ಮರುದಿನ ಆತ ಒಬ್ಬನೇ ಅಲ್ಲಿನ ಕಾಡನ್ನು ಹೊಕ್ಕ. ಬ್ರೆಜಿಲ್ ಕಾಡಿನಲ್ಲಿ ಅದು ಆತನ ಮೊದಲ ಅಲೆದಾಟ.

ಹುಲ್ಲಿನ ಸೊಬಗು, ಮರವನ್ನೇರಿ ಬೆಳೆದ ಗಿಡಗಳು, ಹೂಗಳು, ಮಿರುಗುವ ಎಲೆಗಳು ಆತನನ್ನು ಮರುಳುಗೊಳಿಸಿದವು. ಕೀಟಗಳ ಸದ್ದು ದಡದಿಂದ ಕೆಲವು ನೂರು ಗಜ ದೂರ ನಿಂತ ಹಡಗಿಗೂ ಕೇಳಿಸುವಷ್ಟು ಜೋರಾಗಿತ್ತು. ಆದರೆ ಕಾಡಿನ ಒಡಲಲ್ಲಿ ನಿಶ್ಶಬ್ದ ನೆಲೆಸಿತ್ತು. ಜೀರುಂಡೆಯ ಕೂಗಿನ ನಡುವೆ ಬೆಳೆದ ಮಲೆನಾಡಿನ ಮಕ್ಕಳಿಗೆ ಈ ಸೋಜಿಗ ಅಪರಿಚಿತವಲ್ಲ.

ಮರಳುವಾಗ ಬಿರುಮಳೆ ಹಿಡಿಯಿತು. ಡಾರ್ವಿನ್ ದಟ್ಟ ಎಲೆಗಳ ಮರವೊಂದರ ಅಡಿ ನಿಂತ. ಇಂಗ್ಲೆಂಡಿನ ಮಳೆಯಾಗಿದ್ದರೆ ಒಂದು ಹನಿಯೂ ಕೆಳಗಿಳಿಯುತ್ತಿರಲಿಲ್ಲ. ಇಲ್ಲಿಯೋ, ಎರಡೇ ನಿಮಿಷದಲ್ಲಿ ಕಾಂಡದ ಮೇಲೆ ಪುಟ್ಟ ತೊರೆಯೊಂದು ಹರಿಯತೊಡಗಿತು. ತೊಯ್ದು ನಿಂತವನು ಗೊಣಗಲಿಲ್ಲ, ಕಾರಣ ಹುಡುಕಿದ. ಮಳೆ ಇಷ್ಟು ಬಿರುಸಾಗಿರುವುದರಿಂದಲೇ ನೀರು ನೆಲವನ್ನು ಮುಟ್ಟುತ್ತದೆ, ಕಾಡಿನ ಅಡಿಯೂ ಹಸುರಾಗಿರುತ್ತದೆ. ತಂಪು ದೇಶದ ಸೋನೆಯಾಗಿದ್ದರೆ ಬಹುಪಾಲು ನೀರು ಮೇಲೆಯೇ ಆರಿಹೋಗುತ್ತಿತ್ತು ಎಂದು ತರ್ಕಿಸಿದ.

ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ ಇಳಿಯುವ ಈ ದಾರಿ ಮಲೆನಾಡಿನ ಮರಗಳಲ್ಲಿಯೂ ಇದೆ. ತರಗೆಲೆಯ ಹಾಸು ಆ ನೀರನ್ನು ತಡೆದು ನೆಲಕ್ಕೆ ಇಂಗಿಸುತ್ತದೆ. ಬೋಳು ಗುಡ್ಡದ ಮೇಲೆ ಬಿದ್ದ ಅದೇ ಮಳೆ ಮಣ್ಣನ್ನು ಹೊತ್ತು ಹಳ್ಳಕ್ಕೆ ಧಾವಿಸುತ್ತದೆ.

ಬಹಿಯಾದ ಸಂಪತ್ತು ಕಾಡು ಕಡಿದು ಬೆಳೆದ ಕಬ್ಬಿನದು. ದುಡಿತ ಆಫ್ರಿಕಾದಿಂದ ತಂದ ಗುಲಾಮರದು. ಗುಲಾಮಗಿರಿಯ ವಿಷಯದಲ್ಲಿ ಡಾರ್ವಿನ್ ಅಲ್ಲಿಯೇ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಜೊತೆ ಜಗಳವಾಡಿದ. ಆ ಪದ್ಧತಿ ಅಲ್ಲಿ ಅಳಿದದ್ದು 1888ರಲ್ಲಿ. ಕೊಡಲಿ ಮಾತ್ರ ನಿಲ್ಲಲಿಲ್ಲ. ಅಟ್ಲಾಂಟಿಕ್ ಅರಣ್ಯವೆಂಬ ಆ ಕರಾವಳಿ ಕಾಡಿನ ಬಹುಭಾಗ ನಾಶವಾದ ಮೇಲೆ, 2006ರಲ್ಲಿ, ಅದರ ರಕ್ಷಣೆಗೆಂದೇ ಬ್ರೆಜಿಲ್ ಕಾನೂನು ಮಾಡಿತು. 2000ದಲ್ಲಿ ವಿಜ್ಞಾನಿಗಳು ಗುರುತಿಸಿದ ಜಗತ್ತಿನ 25 ಜೀವವೈವಿಧ್ಯದ ಸೂಕ್ಷ್ಮ ತಾಣಗಳಲ್ಲಿ ಆ ಕಾಡೂ ಇದೆ, ಶ್ರೀಲಂಕಾದೊಡನೆ ಪಶ್ಚಿಮಘಟ್ಟವೂ ಇದೆ. ಆ ಪಟ್ಟಿಗೆ ಸೇರುವುದು ಬರಿಯ ಹೆಮ್ಮೆಯ ಮಾತಲ್ಲ. ಅಪಾರ ಜೀವಸಂಪತ್ತಿನ ಜೊತೆಗೆ, ಮೂಲ ಸಸ್ಯಾವರಣದ ಬಹುಪಾಲನ್ನು ಕಳೆದುಕೊಂಡ ನೆಲವೆಂಬುದೂ ಅದರ ಅರ್ಥ.

ಪ್ರವಾಸಿ ಒಂದು ದಿನ ಕಂಡು ಹೋಗುತ್ತಾನೆ. ಕಾಡಿನ ಮಗ್ಗುಲಲ್ಲಿ ಬಾಳುವವರು ದಿನವೂ ಕಾಣುತ್ತಾರೆ. ದಿನವೂ ಕಾಣುವುದರಿಂದಲೇ ಕಾಣದೆಯೂ ಹೋಗುತ್ತಾರೆ. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಒಮ್ಮೆ ದೊಡ್ಡ ಮರದ ಬುಡದಲ್ಲಿ ನಿಲ್ಲಲಿ, ಇನ್ನೊಮ್ಮೆ ಬೋಳು ಇಳಿಜಾರಿನ ಕೆಳಗೆ ನಿಲ್ಲಲಿ. ಎರಡೂ ಕಡೆ ಹರಿಯುವ ನೀರಿನ ಬಣ್ಣವನ್ನು ನೋಡಿ ಮನೆಗೆ ಬಂದು ಹಿರಿಯರಿಗೆ ಹೇಳಲಿ. ಊರಿನ ಕಾಡನ್ನು ಉಳಿಸುವ ಕೆಲಸ ಆ ಮಾತಿನಿಂದ ಆರಂಭವಾಗಲಿ.