ಸಿದ್ದಿಗಳ ಚರಿತ್ರೆ ಬರೆಯುವವರು ಯಾರು?

ಯಲ್ಲಾಪುರ, ಹಳಿಯಾಳದ ಸಿದ್ದಿ ಹುಡುಗ ಬೆಂಗಳೂರಿಗೆ ಬಂದರೆ ನಾವು ಕೇಳುವುದೇನು? 'ಯಾವ ದೇಶ?' ನಾಚಿಕೆಯಾಗಬೇಕು!

ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಹೊಕ್ಕವರು ಇವರ ಹಿರಿಯರಲ್ಲಿ ಹಲವರು. ಆ ಕತೆ ಒಡೆಯರ ಕಡತದಲ್ಲಿ ಸಿಗದು. ಡಮಾಮಿ ಹಾಡುವ, ಹಳೇ ಸೀರೆಯ ಕೌದಿ ಹೊಲಿಯುವ ಅಜ್ಜಿಯರ ಬಾಯಲ್ಲಿದೆ. ಅವರು ಹೋದರೆ ಅದೂ ಹೋಯಿತು.

2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಪಟ್ಟಿಗೆ ಹೆಸರು ಬಂತು, ಕತೆ ಬರಲಿಲ್ಲ. ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಕರಿಯರು ತಮ್ಮ ದಾಖಲೆ ಭಂಡಾರವನ್ನು 1981ರಲ್ಲಿ ತಾವೇ ಶುರುಮಾಡಿದರು. ಇಲ್ಲಿಯೂ ಸಿದ್ದಿ ಯುವಕರೇ ಧ್ವನಿಮುದ್ರಿಸಲಿ. ನಾವು ಯಂತ್ರ, ಬಸ್‌ಚಾರ್ಜು ಹೊಂದಿಸೋಣ.

ಒಂದು ಎಚ್ಚರ. ಹಲವರ ಮನೆಮಾತು ಕೊಂಕಣಿ ಬೆರೆತದ್ದು. ಅದನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ! ಆಡಿದಂತೆಯೇ ಬರೆದು ಪಕ್ಕದಲ್ಲಿ ಕನ್ನಡ ಕೊಡಿ. ಮೂಲಪ್ರತಿ ಅವರ ಊರಲ್ಲೇ ಇರಲಿ.