ಚೀಟಿಯಲ್ಲಿದ್ದ ತೊಂಬತ್ತು ರೂಪಾಯಿ



ಹೋದ ವಾರ ನಾವೆಲ್ಲ ಸೇರಿ ಒಂದು ಸಂಬಳದ ಚೀಟಿ ಓದಿದೆವು. ಅದು ನಮ್ಮ ಜೊತೆ ಕಲಿಯುವ ಒಬ್ಬ ಅಕ್ಕನದು. ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ಸಂಬಳ 12,000 ರೂಪಾಯಿ. ಚೀಟಿ ಕನ್ನಡದಲ್ಲೇ ಇತ್ತು, ನಮ್ಮ ಪುಣ್ಯ. ಅದರಲ್ಲಿ ಒಂದು ಸಾಲು: ಇ.ಎಸ್.ಐ. 90.

ಅಕ್ಕ ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಸುಮ್ಮನೆ ಕೂತುಬಿಟ್ಟರು. ಯಾಕೆ ಗೊತ್ತಾ? ಮೂರು ತಿಂಗಳ ಹಿಂದೆ ಮೆಷಿನ್ನಿನ ಸೂಜಿ ಅವರ ಬೆರಳಿಗೆ ಹೊಕ್ಕಿತ್ತು. "ನೀನು ಕಾಂಟ್ರಾಕ್ಟ್ ಕಡೆಯವಳು, ನಿನಗೆ ಇ.ಎಸ್.ಐ. ಇಲ್ಲ" ಅಂದಿದ್ದರು ಸೂಪರ್‌ವೈಸರ್. ಅಕ್ಕ ಸಾಲ ಮಾಡಿ ಖಾಸಗಿ ಡಾಕ್ಟರಿಗೆ ದುಡ್ಡು ಕೊಟ್ಟರು. ಇತ್ತ ತಿಂಗಳು ತಿಂಗಳೂ 90 ರೂಪಾಯಿ ಮಾತ್ರ ಹಿಡೀತಾನೇ ಇದ್ದರು!

ಇ.ಎಸ್.ಐ. ಅಂದರೆ ಕಾರ್ಮಿಕರ ವಿಮೆ. 1948ರಲ್ಲೇ ಇದಕ್ಕೆ ಕಾಯಿದೆ ಆಯಿತು. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನಿನೊಳಗೆ ಸೇರಿದೆ. ಬೇಕಾದರೆ ಸೇರು, ಬೇಡವಾದರೆ ಬಿಡು ಎನ್ನುವ ವಿಮೆ ಅಲ್ಲ ಇದು. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯ ಮಾಲೀಕರು ಕೆಲಸದವರ ಹೆಸರು ಬರೆಸಲೇಬೇಕು. ಕಾಂಟ್ರಾಕ್ಟ್ ಕಡೆಯವರೂ ಈ ಲೆಕ್ಕಕ್ಕೆ ಸೇರ್ತಾರೆ. 2019ರ ಜುಲೈನಲ್ಲಿ ಮಾಡಿದ ದರದಂತೆ ನೂರು ರೂಪಾಯಿಗೆ ನಮ್ಮದು 75 ಪೈಸೆ, ಮಾಲೀಕರದು ಮೂರೂಕಾಲು ರೂಪಾಯಿ. ಅಕ್ಕನ 90ರ ಜೊತೆಗೆ ಮಾಲೀಕರು ತಮ್ಮ ಕೈಯಿಂದ 390 ಕಟ್ಟಬೇಕು. ಲೆಕ್ಕ ಹಾಕಿ ನೋಡಿ, ಗುಣಾಕಾರ ಕಲಿತಿದ್ದೀರಲ್ಲ!

ದಿನದ ಸರಾಸರಿ ಕೂಲಿ 176 ರೂಪಾಯಿಯೊಳಗೆ ಇದ್ದವರಿಗೆ ವಂತಿಗೆ ಮಾಫಿ ಎಂದು ಅದೇ 2019ರಲ್ಲಿ ಮಾಡಿದರು. ಮಾಫಿ ಅವರಿಗೆ ಮಾತ್ರ, ಮಾಲೀಕರಿಗಲ್ಲ. ಅವರಿಗೂ ಆಸ್ಪತ್ರೆ ಉಂಟು.

ಹಾಗಾದರೆ ಯಾರು ಹೊರಗೆ? 2017ರಲ್ಲಿ ಸಂಬಳದ ಮಿತಿಯನ್ನು 21,000 ಎಂದು ಗೊತ್ತುಮಾಡಿದರು. ಅಂಗವಿಕಲರಿಗೆ 25,000. ಅದಕ್ಕಿಂತ ಹೆಚ್ಚು ಸಂಬಳದವರು ಹೊರಗೆ. ಅಪ್ರೆಂಟಿಸ್ ಕಾಯಿದೆಯಲ್ಲಿ ಕೆಲಸ ಕಲಿಯೋರು ಹೊರಗೆ. ಹೊಲದ ಕೂಲಿಗೆ ಹೋಗೋರು, ಮನೆಗೆಲಸದವರು ಸಾಮಾನ್ಯವಾಗಿ ಹೊರಗೇ ಉಳೀತಾರೆ. ನಮ್ಮ ಕೇಂದ್ರದಲ್ಲಿ ಅರ್ಧ ಜನ ಅವರೇ. ಇದನ್ನು ಹೇಳುವಾಗ ನಮಗೆ ಸಂಕಟವಾಗುತ್ತೆ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಒಳಗಿದ್ದವರಿಗೆ ಏನೇನು ಸಿಗುತ್ತೆ? ನಮಗೂ, ಗಂಡನಿಗೂ, ಮಕ್ಕಳಿಗೂ ಔಷಧೋಪಚಾರ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ. ಇದಕ್ಕೆ ಮೊದಲೇ 70 ದಿನದ ವಂತಿಗೆ ಸಂದಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ ಅಂಥ ಲೆಕ್ಕ ಇಲ್ಲ. ಸೇರಿದ ಮೊದಲ ದಿನವೇ ಬೆರಳು ತುಂಡಾದರೂ ಹಕ್ಕು ಇದೆ. ಮಾಲೀಕರು ವಂತಿಗೆ ಕಟ್ಟಿಲ್ಲ ಅನ್ನಿ. ನಮಗೆ ಸಿಗಬೇಕಾದ್ದನ್ನು ಕೊಟ್ಟು, ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ.

ಸೋಮವಾರ ಅಕ್ಕನ ಜೊತೆ ನಾವು ಮೂವರು ಇ.ಎಸ್.ಐ. ಕಚೇರಿಗೆ ಹೋಗ್ತಿದ್ದೇವೆ. ಚೀಟಿ, ಹಾಜರಿ ಕಾರ್ಡು, ಡಾಕ್ಟರ ರಸೀತಿ ಎಲ್ಲ ಎತ್ತಿಟ್ಟಿದ್ದೇವೆ. ಅರ್ಜಿಯನ್ನು ಅಕ್ಕನೇ ಬರೆದಿದ್ದಾರೆ. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿಕೊಂಡರು. ನಿಮ್ಮ ಮನೆಯಲ್ಲೂ ಸಂಬಳದ ಚೀಟಿ ಇದ್ದರೆ ನಾಳೆ ತನ್ನಿ, ಓದೋಣ.